ಹಳೇ ಪದ್ಮಿನಿ ಕಾರಿನ ಆಯಿಲ್ ಚೇಂಬರ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಕಲ್ಲಿಗೆ ಬಡಿದು ತಗ್ಗಾಗಿದೆ, ಲೀಕ್ ಇಲ್ಲ. ಇಳಿಸದೇ ಹೊರಗಿನಿಂದಲೇ ಎಳೆದು ಸರಿ ಮಾಡಿಸಬಹುದಾ?

ಲೀಕ್ ಇಲ್ಲ ಅಂತ ಬರೆದಿದ್ದೀರಲ್ಲ, ಅದೇ ಮಾತು ನಂಬಿಕೊಂಡು ನಾನು ಎರಡು ತಿಂಗಳು ಗಾಡಿ ಓಡಿಸಿದೆ.

ನಮ್ಮದು ಅಪ್ಪ ಕೊಂಡಿದ್ದ 1982ರ ಪದ್ಮಿನಿ. ರಾತ್ರಿ ವಾಡಿಯಿಂದ ಕಲಬುರಗಿಗೆ ಬರುತ್ತಿದ್ದೆ. ಲಾರಿಯಿಂದ ಬಿದ್ದ ಶಹಾಬಾದ್ ಪರಸಿ ಕಲ್ಲಿನ ತುಂಡು ಕಾಣಲಿಲ್ಲ, ಕೆಳಗೆ ಧಡ್ ಅಂತ ಬಡಿಯಿತು. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಚೇಂಬರ್ ತಳದಲ್ಲಿ ಬಟ್ಟಲಿನಷ್ಟು ತಗ್ಗು. ಒಂದು ಹನಿ ಎಣ್ಣೆಯೂ ಸೋರಿಲ್ಲ. ಮರುದಿನ ಗ್ಯಾರೇಜಿನ ಹುಡುಗ, "ಲೀಕ್ ಇಲ್ರಿ ಸರ, ಏನೂ ಆಗಂಗಿಲ್ಲ, ಓಡಸ್ರಿ" ಅಂದ.

ಚೇಂಬರ್ ಅಂದರೆ ಬರೀ ಎಣ್ಣೆ ಡಬ್ಬಿ ಅಂದುಕೊಂಡಿದ್ದೇ ನನ್ನ ತಪ್ಪು. ಅದರ ತಳಕ್ಕೆ ಹತ್ತಿರದಲ್ಲೇ, ಎಣ್ಣೆ ಎಳೆಯುವ ಪಂಪಿನ ಜಾಲರಿ ಇರುತ್ತದೆ. ತಳ ಮೇಲೆದ್ದರೆ ಜಾಲರಿಯ ಬಾಯಿ ಮುಚ್ಚುತ್ತದೆ. ಎಣ್ಣೆ ತುಂಬಿದ್ದರೂ ಎಂಜಿನ್ನಿನ ಬೇರಿಂಗಿಗೆ ತಲುಪುವುದಿಲ್ಲ. ಗಾಡಿ ಎರಡು ಸಲ ಸುಳಿವು ಕೊಟ್ಟಿತ್ತು. ಆಯಿಲ್ ಬದಲಿಸುವಾಗ ಯಾವಾಗಲಿಗಿಂತ ಕಾಲು ಲೀಟರ್ ಕಡಿಮೆಗೇ ಡಿಪ್‌ಸ್ಟಿಕ್ (ಎಣ್ಣೆ ಮಟ್ಟ ನೋಡುವ ಕಡ್ಡಿ) ಫುಲ್ ತೋರಿಸಿತು. ಆ ಜಾಗ ತಗ್ಗು ತಿಂದಿತ್ತು. ಆಮೇಲೆ ಏಪ್ರಿಲ್‌ನಲ್ಲಿ ಆಯಿಲ್‌ನ ಕೆಂಪು ದೀಪ ಮಿಣುಕತೊಡಗಿತು. ನಮ್ಮ ಬಿಸಿಲಿಗೆ ಆಯಿಲ್ ತೆಳುವಾಗಿದೆ ಅಂದುಕೊಂಡೆ. ಆದರೆ ಆಯಿಲ್ ತೆಳುವಾದರೆ ಸಿಗ್ನಲ್‌ನಲ್ಲಿ ನಿಂತಾಗ ದೀಪ ಮಿಣುಕುತ್ತದೆ, ಎಕ್ಸಲೇಟರ್ ಒತ್ತಿದರೆ ಆರುತ್ತದೆ. ನನ್ನದು ಉಲ್ಟಾ. ನಿಂತಾಗ ಸುಮ್ನೆ ಇರುತ್ತಿತ್ತು, ಅರವತ್ತು ದಾಟಿದರೆ ಹೊತ್ತುತ್ತಿತ್ತು. ಜೋರಾಗಿ ಓಡುವಾಗ ಪಂಪ್ ಜಾಸ್ತಿ ಎಳೆಯುತ್ತದೆ, ಮುಚ್ಚಿದ ಜಾಲರಿಯಿಂದ ಅಷ್ಟು ಬರುವುದಿಲ್ಲ. ಇಷ್ಟು ಯೋಚಿಸಿದ್ದರೆ ಎಂಜಿನ್ ಉಳಿಯುತ್ತಿತ್ತು. ಹುಮನಾಬಾದ್‌ಗೆ ಹೊರಟಿದ್ದೆ, ಕಮಲಾಪುರದ ಹತ್ತಿರ ಕಟಕಟ ಸದ್ದು ಶುರುವಾಯಿತು. ಪಿಸ್ಟನ್ ರಾಡ್ ಕ್ರ್ಯಾಂಕ್ ಶಾಫ್ಟಿಗೆ ಕೂಡುವಲ್ಲಿನ ಬಿಗ್‌ಎಂಡ್ ಬೇರಿಂಗ್ ಹೋಗಿತ್ತು, ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಬೇಕಾಯಿತು.

ಅದಕ್ಕೇ ಹೇಳ್ತೀನಿ, ಇಳಿಸದೇ ಎಳೆಸುವ ಮಾತು ಬಿಡಿ. ಹೊರಗಿನಿಂದ ರಾಡ್ ವೆಲ್ಡ್ ಮಾಡಿ ಎಳೆದರೆ ತಗ್ಗು ಹೋಗಬಹುದು. ಒಳಗೆ ಜಾಲರಿ ಬಾಗಿದ್ದರೆ ಯಾರು ನೋಡುತ್ತಾರೆ? ಎಣ್ಣೆ ಹಿಡಿದ ಚೇಂಬರ್‌ಗೆ ಬೆಂಕಿ ತೋರಿಸುವುದಂತೂ ಬೇಡವೇ ಬೇಡ.

ನಮ್ಮ ಡೆಂಟಿಂಗ್ ಉಸ್ತಾದರು ಚೇಂಬರ್ ತೊಳೆಸಿ, ಮರಳು ಚೀಲದ ಮೇಲಿಟ್ಟು, ಒಳಗಿನಿಂದ ಮರದ ಸುತ್ತಿಗೆಯಲ್ಲಿ ತಟ್ಟಿದರು. ತಗ್ಗಿನ ಅಂಚಿನಿಂದ ನಡುವಿಗೆ, ಸಣ್ಣ ಸಣ್ಣ ಏಟು. ಆಮೇಲೆ ನಯವಾದ ಪರಸಿ ಮೇಲೆ ಬೋರಲು ಹಾಕಿ, ಚೇಂಬರ್ ಅಂಚಿನ ಸುತ್ತ ಕಾಗದ ತೂರಿಸುತ್ತ ಹೋದರು. ಕಾಗದ ನುಸುಳಿದಲ್ಲೆಲ್ಲ ಮತ್ತೆ ತಟ್ಟಿ ಸಮ ಮಾಡಿದರು. ಒಳಗೆ ಸೀಮೆಎಣ್ಣೆ ಹಾಕಿ, ಹೊರಗೆ ಚಾಕ್‌ಪುಡಿ ಬಳಿದು ರಾತ್ರಿಯಿಡೀ ಇಟ್ಟರು. ಕೂದಲೆಳೆ ಬಿರುಕಿದ್ದರೂ ಪುಡಿ ಒದ್ದೆಯಾಗುತ್ತದೆ. ಕೂಡಿಸುವ ಮುಂಚೆ ಜಾಲರಿಗೆ ಕಣಕದ ಉಂಡೆ ಅಂಟಿಸಿ ಚೇಂಬರ್ ಒತ್ತಿ ತೆಗೆದರು. ಉಂಡೆ ಎಷ್ಟು ದಪ್ಪ ಉಳಿಯಿತೋ ಅಷ್ಟೇ ಸಂದು. ನೀವೂ ಇದನ್ನು ನಿಂತು ಮಾಡಿಸಿ. ಚೇಂಬರ್ ಅಂಚಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಹೊಸದೇ ಹಾಕಿಸಿ.

ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಬಿಸಿಲಿಗೆ ಹಿಡಿದು ನೋಡಿ. ಲೋಹದ ಮಿಂಚು ಕಂಡರೆ ಬೇರಿಂಗ್ ಕ್ಯಾಪ್ ಬಿಚ್ಚಿಸಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ದಯವಿಟ್ಟು ಗಾಡಿ ಸ್ಟಾರ್ಟ್ ಮಾಡಬೇಡಿ, ಗ್ಯಾರೇಜಿಗೂ ಎಳೆಸಿಕೊಂಡೇ ಹೋಗಿ.