ಚಕ್ಮಾ ಜನರ ಪೌರತ್ವಕ್ಕೆ 2019ರ ತಿದ್ದುಪಡಿಯೇ ಆಧಾರವೇ?
ಇಂದಿನ ಬಾಂಗ್ಲಾದೇಶದ ಗುಡ್ಡಗಾಡಿನಿಂದ ಬಂದ ಬುಡಕಟ್ಟಿನವರಾದ ಚಕ್ಮಾಗಳು ಬಹುತೇಕ ಬೌದ್ಧರಾಗಿದ್ದರೂ, ಅಲ್ಲಿಂದ ಬಂದ ಬೌದ್ಧರಿಗೂ ಪೌರತ್ವದ ದಾರಿ ತೆರೆದ 2019ರ ಪೌರತ್ವ ತಿದ್ದುಪಡಿಯಿಂದ ಅರುಣಾಚಲದಲ್ಲಿ ಅವರ ಸಮಸ್ಯೆ ಏಕೆ ಬಗೆಹರಿಯಲಿಲ್ಲ ಎಂದು ತಾವು ಕೇಳಿದ್ದೀರಿ. ಇನ್ನರ್ ಲೈನ್ ಪರ್ಮಿಟ್ (ಹೊರಗಿನವರ ಪ್ರವೇಶಕ್ಕೆ ಬೇಕಾದ ಅನುಮತಿ) ಜಾರಿಯಲ್ಲಿರುವ ಪ್ರದೇಶಗಳಿಗೆ ಆ ತಿದ್ದುಪಡಿ ಅನ್ವಯಿಸುವುದಿಲ್ಲ, ಅರುಣಾಚಲ ಅಂಥ ಪ್ರದೇಶ. ಆದರೆ ನನ್ನ ದೃಷ್ಟಿಯಲ್ಲಿ ಅವರ ಹಕ್ಕು ಆ ಕಾಯ್ದೆಯನ್ನು ಅವಲಂಬಿಸಿಯೇ ಇಲ್ಲ.

ಕರ್ಣಫುಲಿ ನದಿಗೆ ಕಟ್ಟಿದ ಕಾಪ್ತಾಯಿ ಅಣೆಕಟ್ಟು 1960ರ ದಶಕದ ಆರಂಭದಲ್ಲಿ ಅಂದಿನ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) ಚಿತ್ತಗಾಂಗ್ ಗುಡ್ಡಗಾಡಿನ ಸಾಗುವಳಿ ಭೂಮಿಯಲ್ಲಿ ಸುಮಾರು ಶೇ. 40ರಷ್ಟನ್ನು ಮುಳುಗಿಸಿದಾಗ ಒಂದು ಲಕ್ಷದಷ್ಟು ಜನರು, ಅವರಲ್ಲಿ ಹೆಚ್ಚಿನವರು ಚಕ್ಮಾಗಳು, ನೆಲೆ ಕಳೆದುಕೊಂಡರು. ಭಾರತಕ್ಕೆ ಬಂದವರಲ್ಲಿ ಹಲವು ಕುಟುಂಬಗಳನ್ನು, ಹಾಜೋಂಗ್ ಎಂಬ ಇನ್ನೊಂದು ಬುಡಕಟ್ಟಿನ ನಿರಾಶ್ರಿತರೊಂದಿಗೆ, 1964ರಿಂದ 1969ರ ನಡುವೆ ಸರ್ಕಾರವೇ ಅಂದಿನ ನೇಫಾದಲ್ಲಿ (ಇಂದಿನ ಅರುಣಾಚಲ) ನೆಲೆಗೊಳಿಸಿತು. ಅವರು ಕದ್ದು ನುಸುಳಿದವರಲ್ಲ.

ಅವರ ಜೀವ ಮತ್ತು ಸ್ವಾತಂತ್ರ್ಯವನ್ನು ರಕ್ಷಿಸಬೇಕೆಂದು 1996ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅರ್ಜಿಯ ಮೇಲೆ ಆದೇಶಿಸಿದ ಸುಪ್ರೀಂ ಕೋರ್ಟ್, ಅರ್ಹರ ಪೌರತ್ವವನ್ನು ಮೂರು ತಿಂಗಳಲ್ಲಿ ಅಂತಿಮಗೊಳಿಸುವಂತೆ 2015ರಲ್ಲಿ ನಿರ್ದೇಶಿಸಿತು. ತಮ್ಮ ನೆಲದಲ್ಲಿ ತಾವೇ ಅಲ್ಪಸಂಖ್ಯಾತರಾಗುವೆವೆಂಬ ಸ್ಥಳೀಯ ಬುಡಕಟ್ಟುಗಳ ಅಂಜಿಕೆ (ಅದನ್ನು ಬರಿಯ ದ್ವೇಷವೆಂದು ತಳ್ಳಿಹಾಕುವುದು ಸರಿಯಲ್ಲ) ಜಾರಿಗೆ ಅಡ್ಡಿಯಾಗಿದೆ. ಇನ್ನೊಂದು ಅಂಶ: 1987ರ ಜುಲೈ 1ಕ್ಕೆ ಮೊದಲು ಇಲ್ಲಿಯೇ ಹುಟ್ಟಿದ ಚಕ್ಮಾಗಳು, 1955ರ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಜನ್ಮತಃ ಭಾರತೀಯ ಪೌರರು.