ಗೌರಿ ಗೊಂಬೆಗೆ ರಸೀದಿ ಎಲ್ಲಿದೆ?

ತಮ್ಮಾ,

ನಮ್ಮ ಗಂಗಾವತಿ ಹುಡುಗ ನೀನು ನ್ಯೂಜೆರ್ಸಿಯಲ್ಲಿ ಕಾಂಡೋ, ಅಂದರೆ ಸ್ವಂತ ಫ್ಲ್ಯಾಟು, ತಗೊಂಡೆ ಅಂತ ಕೇಳಿ ಖುಷಿಯಾಯಿತು. "ತಿಂಗಳಾ ಮನೆ ಮಾಲೀಕರ ಸಂಘಕ್ಕೆ ಕಟ್ಟುವ ದುಡ್ಡಲ್ಲೇ ಇನ್ಶೂರೆನ್ಸ್ ಇದೆಯಂತೆ, ಮತ್ತೆ ಬೇರೆ ಯಾಕೆ?" ಅಂತ ಕೇಳಿದ್ದೀಯ. ಹೊಸತರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಜಾತ್ರೆಗೆ ಕೊಪ್ಪಳಕ್ಕೆ ಬಂದಿದ್ದೇನೆ, ಅವ್ವನ ಮನೆ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಸಂಘದ ಪಾಲಿಸಿ (ಮಾಸ್ಟರ್ ಪಾಲಿಸಿ ಅಂತಾರೆ) ಕಟ್ಟಡಕ್ಕೆ. ಚಾವಣಿ, ಹೊರಗೋಡೆ, ಲಿಫ್ಟ್. ಕೆಲವು ಕಡೆ ಅದು ಬರೀ ಗೋಡೆಗೆ ನಿಲ್ಲುತ್ತದೆ, ಕೆಲವು ಕಡೆ ಅಡುಗೆಮನೆ ಕಪಾಟೂ ಸೇರುತ್ತದೆ. ಸಂಘದ ಬೈಲಾ, ಮಾಸ್ಟರ್ ಪಾಲಿಸಿ ಎರಡನ್ನೂ ಕೇಳಿ ಓದು. ಅದು ಬಿಟ್ಟದ್ದಕ್ಕೆ ನೀನು ಮಾಡಿಸಬೇಕಾದ್ದು ಎಚ್‌ಓ-6, ಅಂದರೆ ಕಾಂಡೋ ಮಾಲೀಕರ ಸ್ವಂತ ಪಾಲಿಸಿ.

ಕೆಲವು ವರ್ಷದ ಹಿಂದೆ ಹೀಗೇ ಗವಿಮಠದ ಜಾತ್ರೆಗೆ ಬಂದಾಗ, ಅಮೆರಿಕದಲ್ಲಿ ನನ್ನ ಮೇಲಿನ ಮನೆಯ ವಾಷಿಂಗ್ ಮಷೀನ್ ಪೈಪ್ ಒಡೆಯಿತು. ವಾಪಸ್ ಹೋಗಿ ಬಾಗಿಲು ತೆಗೆದರೆ ಮರದ ನೆಲ ಹಪ್ಪಳದ ಹಾಗೆ ಉಬ್ಬಿತ್ತು. ಪ್ರೀಮಿಯಂ ಕಡಿಮೆ ಅಂತ ಸವಕಳಿ ಕಳೆದು ಕೊಡುವ ಪಾಲಿಸಿ ತಗೊಂಡಿದ್ದೆ. ಸೋಫಾಕ್ಕೆ ಗುಜರಿ ರೇಟು ಹಾಕಿದರು. ನೀನು ರೀಪ್ಲೇಸ್‌ಮೆಂಟ್ ಕಾಸ್ಟ್, ಅಂದರೆ ಹೊಸದರ ಬೆಲೆ ಕೊಡುವ ಪಾಲಿಸಿ, ಅಂತಲೇ ಕೇಳು.

ಸೋಫಾ ಹೋಗಲಿ. ಮೊದಲ ಸಲ ಹೋಗುವಾಗ ಅವ್ವ ಕಿನ್ನಾಳದ ಗೌರಿ ಗೊಂಬೆ ಕೊಟ್ಟಿದ್ದಳು. ಹಳೆ ಇಳಕಲ್ ಸೀರೆಯಲ್ಲಿ ಸುತ್ತಿ, ಶೇಂಗಾ ಚಟ್ನಿ ಡಬ್ಬಿ ಪಕ್ಕ ಇಟ್ಟು ತಂದಿದ್ದೆ. ನೀರಿಗೆ ಬಣ್ಣ ಸಿಪ್ಪೆಯಾಗಿ ಎದ್ದು, ಹುಣಸೆಬೀಜದ ಅಂಟು ಬಿಟ್ಟು, ಕೈ ಕಳಚಿ ಬಂತು. ಕ್ಲೇಮಿನವರು ರಸೀದಿ ಕೇಳಿದರು. ಅವ್ವ ಕೊಟ್ಟದ್ದಕ್ಕೆ ಎಲ್ಲಿಯ ರಸೀದಿ? ಒಂದು ಫೋಟೋ ಕೂಡ ಇರಲಿಲ್ಲ. ಇವತ್ತೇ ಕಪಾಟು ಕಪಾಟು ತೆಗೆದು ವಿಡಿಯೋ ಮಾಡು.

ಬಂಗಾರಕ್ಕೆ ಬೇರೆ ಲೆಕ್ಕ. ಕಳ್ಳತನವಾದರೆ ಎಷ್ಟೋ ಪಾಲಿಸಿಗಳಲ್ಲಿ ಒಟ್ಟು 1,500 ಡಾಲರ್ ಮಾತ್ರ. ನಿನ್ನ ಹೆಂಡತಿಯ ಬೋರಮಾಳಕ್ಕೇ ಅದು ಸಾಲದು. ಒಡವೆಗಳನ್ನು ಬೆಲೆ ಸಮೇತ ಪಾಲಿಸಿಯಲ್ಲಿ ಪ್ರತ್ಯೇಕ ಬರೆಸು, ಇಲ್ಲ ಊರಲ್ಲೇ ಬಿಡು. ಕಟ್ಟಡದ ಹಾನಿಯ ಖರ್ಚನ್ನು ಸಂಘ ಮನೆಗಳ ಮೇಲೆ ಹಂಚಿದಾಗ ಬೇಕಾಗುವ ಲಾಸ್ ಅಸೆಸ್‌ಮೆಂಟ್ ರಕ್ಷಣೆಯನ್ನೂ ಪಾಲಿಸಿಗೆ ಸೇರಿಸು. 2009ರಲ್ಲಿ ನಮ್ಮ ಕಡೆ ಬಂತಲ್ಲ, ಅಂಥ ನೆರೆ ನೀರು ಇದರಲ್ಲಿ ಬರಲ್ಲ. ಕೆಳಗಿನ ಮಹಡಿಯಾದರೆ ಬೇರೆ ಪಾಲಿಸಿ.

ಚಳಿ, ಶಾಲೆ ಫೋನಲ್ಲಿ ಮಾತಾಡೋಣ. ಬೂಟು ಮಾತ್ರ ಅಲ್ಲೇ ತಗೋ.

ಅವ್ವನಿಗೆ ಇನ್ನೂ ಹೇಳಿಲ್ಲ. ನಿನ್ನೆ ರೊಟ್ಟಿ ಬಡಿಯುತ್ತಾ, "ಗೌರಿ ಹೆಂಗದಾಳ?" ಅಂದಳು. "ಚಲೋ ಅದಾಳ" ಅಂದೆ.