ಗೆಳೆಯರೆಲ್ಲ ಸೇರಿ ಹಳೇ ಮಾರುತಿ 800 ರೆಡಿ ಮಾಡಬೇಕು ಅಂತಿದ್ದೀವಿ. ಎಂಜಿನ್ ಮೊದಲೋ, ಪೇಂಟ್ ಮೊದಲೋ?

ನಿಮ್ಮದು ಮಂಗಳೂರು ಕಡೆಯ 1998ರ ಗಾಡಿ, ಅಡ್ವಾನ್ಸ್ ಕೊಟ್ಟಾಗಿದೆ, ನಾಲ್ವರು ಗೆಳೆಯರು, ಅದರಲ್ಲಿ ಒಬ್ಬನಿಗೆ ವೆಲ್ಡಿಂಗ್ ಬರುತ್ತದೆ, ಮಾರುತಿ ಝೆನ್ ಕಾರಿನ ಎಂಜಿನ್ ಕೂರಿಸಿ 13 ಇಂಚಿನ ಅಲಾಯ್ ವೀಲ್ ಹಾಕುವ ಆಸೆ. ಬಣ್ಣ ಒಂದು ಬಿಟ್ಟರೆ, ಹಿಂದೆ ನಾನೂ ನನ್ನ ಗೆಳೆಯರೂ ರೆಡಿ ಮಾಡಿದ ಗಾಡಿಯದೂ ಇದೇ ಜಾತಕ. ಎಂಜಿನ್ನೂ ಅಲ್ಲ, ಪೇಂಟೂ ಅಲ್ಲ. ಮೊದಲು ತಗಡಿನ ಕೆಲಸ. ಅದಕ್ಕೂ ಮೊದಲು ಆರ್‌ಸಿ. ಅದನ್ನು ಆಮೇಲೆ ಹೇಳುತ್ತೇನೆ.

ಕರಾವಳಿಯ ಗಾಡಿ ಮೇಲಿಂದ ಫಳಫಳ ಅನ್ನುತ್ತಿದ್ದರೂ ಮ್ಯಾಟ್ ಎತ್ತಿದರೆ ಕಥೆ ಬೇರೆ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಮಳೆನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಇಳಿದು ಮ್ಯಾಟ್ ಕೆಳಗಿನ ಫೆಲ್ಟಿನಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಫ್ಲೋರ್ ಒಳಗಿನಿಂದಲೇ ಕೊಳೆಯುತ್ತದೆ. ಬಾಗಿಲ ಕೆಳಗೆ ಉದ್ದಕ್ಕೂ ಇರುವ ರನ್ನಿಂಗ್ ಬೋರ್ಡಿನದೂ ಇದೇ ಗತಿ: ನೀರು ಹೋಗಲೆಂದು ಅದರ ಅಡಿಗೆ ಕೊಟ್ಟ ತೂತುಗಳು ಮಣ್ಣಿನಿಂದ, ಇಲ್ಲವೇ ಯಾರೋ ಬಳಿದ ಟಾರಿನಂಥ ಕೋಟಿಂಗ್‌ನಿಂದ ಮುಚ್ಚಿಹೋಗಿರುತ್ತವೆ. ನಮ್ಮ ಗಾಡಿಯಲ್ಲಿ ಎರಡೂ ಕಡೆಯ ರನ್ನಿಂಗ್ ಬೋರ್ಡ್ ಹೆಬ್ಬೆರಳಿಗೆ ಒತ್ತಿದರೆ ಒಳಗೆ ಹೋಗುತ್ತಿತ್ತು. ಅವನ್ನು ಬದಲಾಯಿಸಲು ಹೊರಟದ್ದು ಸರಿ. ಬದಲಾಯಿಸಿದ ರೀತಿ ತಪ್ಪು, ಮತ್ತು ಇಡೀ ಪ್ರಾಜೆಕ್ಟಿನಲ್ಲಿ ನಮ್ಮ ಜೇಬಿಗೆ ದೊಡ್ಡ ತೂತು ಕೊರೆದದ್ದು ಅದೇ. ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ವೆಲ್ಡಿಂಗ್ ಬರುವ ಗೆಳೆಯನಿರುವ ಗುಂಪುಗಳೇ ಈ ತಪ್ಪು ಮಾಡುವುದು.

ಜೀಪಿಗೆ, ಲಾರಿಗೆ ಕೆಳಗೆ ಪ್ರತ್ಯೇಕ ಚಾಸಿ ಇರುತ್ತದೆ, ಬಾಡಿ ಅದರ ಮೇಲೆ ಬೋಲ್ಟಿನಲ್ಲಿ ಕೂತಿರುತ್ತದೆ. ಮಾರುತಿ 800ಕ್ಕೆ ಹಾಗಿಲ್ಲ. ಇಲ್ಲಿ ಬಾಡಿಯೇ ಚಾಸಿ. ಬಾಗಿಲುಗಳಿಗಾಗಿ ಪಕ್ಕದಲ್ಲಿ ಅಷ್ಟು ದೊಡ್ಡ ಖಾಲಿ ಜಾಗ ಬಿಟ್ಟಿರುವುದರಿಂದ, ಮುಂದಿನ ಅರ್ಧಕ್ಕೂ ಹಿಂದಿನ ಅರ್ಧಕ್ಕೂ ನಡುವಿನ ಭಾರ ಹೊರುವುದು ರೂಫ್, ಫ್ಲೋರ್ ಮತ್ತು ಮುಖ್ಯವಾಗಿ ಎರಡು ರನ್ನಿಂಗ್ ಬೋರ್ಡು. ನಾವು ಏನು ಮಾಡಿದೆವು? ಕೈಗೆ ಅಡ್ಡ ಬರುತ್ತವೆ ಅಂತ ನಾಲ್ಕೂ ಬಾಗಿಲು ಬಿಚ್ಚಿದೆವು. ಮುಂದೆ ಕ್ರಾಸ್ ಮೆಂಬರ್ ಕೆಳಗೆ ಎರಡು, ಹಿಂದೆ ಆಕ್ಸಲ್ ಕೆಳಗೆ ಎರಡು ಸ್ಟ್ಯಾಂಡ್ ಇಟ್ಟೆವು, ನಡುವೆ ಏನೂ ಇಲ್ಲ. ಎಂಜಿನ್ ಇನ್ನೂ ಒಳಗೇ ಇತ್ತು. ಆಮೇಲೆ ಎರಡೂ ಕಡೆಯ ರನ್ನಿಂಗ್ ಬೋರ್ಡನ್ನು ಒಂದೇ ದಿನ ಕತ್ತರಿಸಿದೆವು, ತುಕ್ಕು ಹಿಡಿದ ಫ್ಲೋರಿನ ತುಂಡನ್ನೂ ತೆಗೆದೆವು. ಬಾಡಿ ನಡುವೆ ಕೆಲವೇ ಮಿಲಿಮೀಟರ್ ಕುಸಿಯಿತು. ಕಣ್ಣಿಗೆ ಕಾಣಲಿಲ್ಲ, ಬಾಗಿಲು ಇಲ್ಲದಿದ್ದರಿಂದ ಗೊತ್ತಾಗುವ ದಾರಿಯೂ ಇರಲಿಲ್ಲ. ಕುಸಿದ ಸ್ಥಿತಿಯಲ್ಲೇ ಹೊಸ ರನ್ನಿಂಗ್ ಬೋರ್ಡ್ ಕೂರಿಸಿ ಉದ್ದಕ್ಕೂ ವೆಲ್ಡ್ ಮಾಡಿದೆವು. ಅಂದರೆ ಸೊಟ್ಟವನ್ನು ಖಾಯಂ ಮಾಡಿದೆವು.

ಬಾಗಿಲು ತೂಗುಹಾಕಿದಾಗ ಮೇಲಿನ ಸಂದು ಮುಚ್ಚಿಕೊಂಡಿತ್ತು, ಕೆಳಗಿನದು ಬಾಯಿ ಬಿಟ್ಟಿತ್ತು. ಲಾಕ್ ಎದುರಿನ ಕೊಂಡಿಗೆ (ಸ್ಟ್ರೈಕರ್) ಸರಿಯಾಗಿ ಕೂರುತ್ತಿರಲಿಲ್ಲ. ಹಿಂಜ್ ಬೋಲ್ಟಿನ ತೂತು ಉದ್ದ ಮಾಡಿದೆವು, ವಾಷರ್ ಹಾಕಿದೆವು, ಮರದ ದಿಮ್ಮಿ ಇಟ್ಟು ಬಾಗಿಲು ಬಗ್ಗಿಸಿದೆವು. ಬಾಗಿಲಲ್ಲಿ ಇಲ್ಲದ ದೋಷ ಬಾಗಿಲು ಬಗ್ಗಿಸಿದರೆ ಹೋಗುತ್ತದೆಯೇ? ತಿರುಚಿದ ಚೌಕಟ್ಟಿನಲ್ಲಿ ಕೂರಿಸಿದ ಮುಂದಿನ ಗಾಜು ಗುಂಡಿ ರಸ್ತೆಯಲ್ಲಿ ಮೂಲೆಯಿಂದ ಸೀಳಿತು. ಆಗ ಮಾತ್ರ ಟೇಪ್ ಹಿಡಿದು ಅಳೆದೆವು. ಕೊನೆಗೆ ಹೊಸ ವೆಲ್ಡ್ ಎಲ್ಲ ಕತ್ತರಿಸಿ, ಎರಡು ಬಾಗಿಲುಗಳ ನಡುವಿನ ಕಂಬದ ಬುಡಕ್ಕೆ ಮರದ ಹಲಗೆ ಇಟ್ಟು ಜಾಕಿನಿಂದ ಸ್ವಲ್ಪಸ್ವಲ್ಪವೇ ಎತ್ತಿ, ಅಳತೆ ಸರಿಯಾದ ಮೇಲೆ ಮತ್ತೆ ಮೊದಲಿಂದ. ಎರಡು ಜೊತೆ ರನ್ನಿಂಗ್ ಬೋರ್ಡ್, ಒಂದು ಗಾಜು, ಆಗಲೇ ಹೊಡೆದಿದ್ದ ಪ್ರೈಮರ್, ಎಲ್ಲ ದಂಡ.

ನೀವು ಹೀಗೆ ಮಾಡಿ. ಎಂಜಿನ್, ಸೀಟು, ಪೆಟ್ರೋಲ್ ಟ್ಯಾಂಕ್ ಇಳಿಸಿ ತೂಕ ಕಡಿಮೆ ಮಾಡಿ. ಟ್ಯಾಂಕ್ ಇಳಿಸುವುದು ಬೆಂಕಿಯ ಕಾರಣಕ್ಕೂ ಕಡ್ಡಾಯ. ಬ್ಯಾಟರಿ ಬಿಚ್ಚಿ. ಗಾಡಿ ಸಮತಟ್ಟಾದ ಸಿಮೆಂಟ್ ನೆಲದ ಮೇಲಿರಲಿ, ಸ್ಟ್ಯಾಂಡುಗಳು ಮುಂದೆ, ಹಿಂದೆ ಮಾತ್ರವಲ್ಲ, ನಡುವಿನ ಗಟ್ಟಿ ಜಾಗಕ್ಕೂ ಇರಲಿ. ಕತ್ತರಿಸುವ ಮೊದಲು ಬಾಗಿಲ ಚೌಕದ ಎರಡೂ ಕರ್ಣ ಅಳೆದು, ಎಡ ಬಲ ಹೋಲಿಸಿ ಗೋಡೆಯ ಮೇಲೆ ಬರೆದಿಡಿ. ಎಡಕ್ಕೂ ಬಲಕ್ಕೂ 2 ಮಿಮೀಗಿಂತ ಹೆಚ್ಚು ವ್ಯತ್ಯಾಸ ಬಂದರೆ ಗಾಡಿ ಹಿಂದೆಂದೋ ಆಕ್ಸಿಡೆಂಟ್ ಆಗಿದೆಯಾ ಅಂತ ಅನುಮಾನಿಸಿ. ನಂತರ 25×25 ಮಿಮೀ ಚೌಕ ಪೈಪಿನಿಂದ ಬಾಗಿಲ ಚೌಕಕ್ಕೆ ಅಡ್ಡಪಟ್ಟಿ ಕಟ್ಟಿ: ಒಂದು ನೇರ, ಒಂದು ಓರೆ. ಪೈಪಿನ ತುದಿಗೆ ಪಟ್ಟಿ ವೆಲ್ಡ್ ಮಾಡಿಕೊಂಡರೆ ಹಿಂಜ್ ಮತ್ತು ಸ್ಟ್ರೈಕರ್ ತೂತುಗಳಿಗೇ ಬೋಲ್ಟ್ ಮಾಡಬಹುದು, ಬಾಡಿಗೆ ವೆಲ್ಡ್ ಹಚ್ಚುವುದೇ ಬೇಡ. ಒಂದು ಸಲಕ್ಕೆ ಒಂದೇ ಕಡೆ. ಎಡಗಡೆ ಪೂರ್ತಿ ಮುಗಿಯದೆ ಬಲಗಡೆಗೆ ಕಟ್ಟಿಂಗ್ ಡಿಸ್ಕ್ ತಾಗಿಸಬೇಡಿ.

ಕಂಪನಿಯ ಸ್ಪಾಟ್ ವೆಲ್ಡುಗಳನ್ನು 8 ಮಿಮೀ ಸ್ಪಾಟ್ ಕಟರಿನಿಂದ ಮೇಲಿನ ತಗಡು ಮಾತ್ರ ಬಿಡುವಷ್ಟು ಕೊರೆಯಿರಿ. ಹೊಸ ತಗಡು 1 ಮಿಮೀ ಸಿಆರ್‌ಸಿಎ (ಕೋಲ್ಡ್ ರೋಲ್ಡ್ ಸ್ಟೀಲ್) ಸಾಕು. ಅಂಚಿನಲ್ಲಿ ಸಾಲಾಗಿ 6 ಮಿಮೀ ತೂತು ಹಾಕಿ, ಆ ತೂತುಗಳ ಮೂಲಕ ಪ್ಲಗ್ ವೆಲ್ಡ್ ತುಂಬಿ. ವೆಲ್ಡಿಂಗ್, ತಂತಿ ತಾನಾಗಿ ಹೊರಬರುವ ಯಂತ್ರದಲ್ಲಿ, ಅಂದರೆ 0.8 ಮಿಮೀ ತಂತಿಯ ಮಿಗ್‌ನಲ್ಲೇ ಆಗಬೇಕು. ಕಡ್ಡಿ ಇಟ್ಟು ಆರ್ಕ್ ಹೊಡೆದರೆ ಬಾಡಿ ತಗಡು ತೂತಾಗುತ್ತದೆ, ಗ್ಯಾಸ್ ವೆಲ್ಡಿಂಗ್ ಮಾಡಿದರೆ ಕಾವಿಗೆ ಸುತ್ತಲಿನ ತಗಡೆಲ್ಲ ಸುರುಟುತ್ತದೆ. ಮೊದಲು ಐದೈದು ಸೆಂಟಿಮೀಟರಿಗೆ ಒಂದು ಟ್ಯಾಕ್, ಅಂದರೆ ಚುಕ್ಕಿಯಷ್ಟು ವೆಲ್ಡ್. ಒಂದು ಈ ತುದಿಗೆ, ಮುಂದಿನದು ಆ ತುದಿಗೆ, ಆಮೇಲೆ ನಡುವೆ. ಅಷ್ಟಾದ ಮೇಲೆ ಅಡ್ಡಪಟ್ಟಿ ಬಿಚ್ಚಿ ಬಾಗಿಲು ತೂಗುಹಾಕಿ ನೋಡಿ. ಸಂದು ಸುತ್ತಲೂ ಒಂದೇ ಸಮ ಬಂದರೆ ಮತ್ತೆ ಪಟ್ಟಿ ಕಟ್ಟಿ ಪೂರ್ತಿ ವೆಲ್ಡ್ ಮಾಡಿ, ಒಂದೊಂದು ಸಲಕ್ಕೆ 2 ಸೆಂಟಿಮೀಟರ್, ಕೈ ಮುಟ್ಟುವಷ್ಟು ಆರಿದ ಮೇಲೆ ಮುಂದಿನದು. ಬರಿಯ ಟ್ಯಾಕ್ ಇರುವಾಗ ತಪ್ಪು ಕಂಡರೆ ಗ್ರೈಂಡರಿನಲ್ಲಿ ಹತ್ತು ನಿಮಿಷದ ಕೆಲಸ. ಪೂರ್ತಿ ವೆಲ್ಡ್ ಆದ ಮೇಲೆ ಕಂಡರೆ ನಮ್ಮ ಗತಿ.

ಇನ್ನು ಝೆನ್ ಎಂಜಿನ್. ಬೇಡ. ನಿಮಗೆ ಬೇಜಾರಾಗಬಹುದು, ಆದರೂ ಬೇಡ. 800ರಲ್ಲಿರುವುದು ಎಫ್8ಬಿ, 796 ಸಿಸಿ, ಮೂರು ಸಿಲಿಂಡರ್. ಝೆನ್‌ನದು ಜಿ10ಬಿ, 993 ಸಿಸಿ, ನಾಲ್ಕು ಸಿಲಿಂಡರ್. ಮೌಂಟಿಂಗ್ ಹೊಸದಾಗಿ ಮಾಡಿಸಬೇಕು, ಗೇರ್‌ಬಾಕ್ಸ್ ಅದರದ್ದೇ ತರಬೇಕು, ಡ್ರೈವ್ ಶಾಫ್ಟ್, ರೇಡಿಯೇಟರ್, ಕೇಬಲ್, ಸೈಲೆನ್ಸರ್ ಪೈಪ್ ಒಂದೂ ಹೊಂದುವುದಿಲ್ಲ. ಅದೆಲ್ಲ ಗೆಳೆಯರು ಮಾಡಿಯಾರು, ಕಾನೂನನ್ನು ಯಾರು ಮಾಡುತ್ತಾರೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಎಂಜಿನ್ ಬದಲಿಸಲು ಆರ್‌ಟಿಓ ಅನುಮತಿ ಮೊದಲೇ ಬೇಕು, ಹೊಸ ನಂಬರ್ ಆರ್‌ಸಿಗೆ ಏರಬೇಕು. ಏರದಿದ್ದರೆ ನಾಳೆ ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸಿನವರಿಗೆ ಕೈ ತೊಳೆದುಕೊಳ್ಳಲು ನೀವೇ ನೀರು ಹೊಯ್ದಂತೆ. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ನಮೂದಾಗಬೇಕು.

ಇರುವ ಎಂಜಿನ್ನನ್ನೇ ಸರಿ ಮಾಡಿ. ಬಿಚ್ಚುವ ಮುಂಚೆ ಗೇಜ್ ಹಾಕಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ: ಎಂಜಿನ್ ಬಿಸಿ ಇರಲಿ, ಮೂರೂ ಪ್ಲಗ್ ತೆಗೆದಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಸಿಲಿಂಡರುಗಳ ನಡುವೆ ಚದರ ಸೆಂಟಿಮೀಟರಿಗೆ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಎಷ್ಟೋ ಸಲ ಹೆಡ್ ಕೆಲಸದಲ್ಲೇ ಮುಗಿಯುತ್ತದೆ, ಬೋರಿಂಗ್ ಬೇಕಾಗುವುದಿಲ್ಲ. ಬೇಕಾದರೆ 0.25 ಮತ್ತು 0.50 ಮಿಮೀ ಓವರ್‌ಸೈಜ್ ಪಿಸ್ಟನ್ ಬರುತ್ತವೆ, ಆದರೆ ಪಿಸ್ಟನ್ ಕೈಗೆ ಬಂದ ಮೇಲೆ ಅದರ ಅಳತೆಗೆ ಬೋರ್ ಮಾಡಿಸಿ, ಮೊದಲೇ ಅಲ್ಲ. ಅಲ್ಯೂಮಿನಿಯಂ ಹೆಡ್ ಒಮ್ಮೆ ಹೀಟ್ ಆಗಿದ್ದರೆ ಬಾಗಿರುತ್ತದೆ. ಸ್ಟೀಲ್ ಸ್ಕೇಲ್ ಇಟ್ಟು ಅಡಿಗೆ 0.05 ಮಿಮೀ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ತೂರಿದರೆ ಲೇತಿಗೆ ಕೊಡಿ. ಹೆಡ್ ಬೋಲ್ಟ್ ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಕೊನೆಗೆ 5.5ರಿಂದ 6 ಕೆಜಿ-ಮೀಟರ್. ಟಾರ್ಕ್ ಸ್ಪ್ಯಾನರ್ ಇಲ್ಲದಿದ್ದರೆ ಎರವಲು ತನ್ನಿ. ‘ಕೈಯಂದಾಜು’ ಅನ್ನುವ ಮೆಕ್ಯಾನಿಕ್ಕನ್ನು ಈ ಒಂದು ಕೆಲಸಕ್ಕೆ ನಂಬಬೇಡಿ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಪ್ಲೇಟ್ ಹೇಗಿದ್ದರೂ ಬದಲಾಯಿಸಿ. ಕಾರ್ಬ್ಯುರೇಟರ್ ಗಾಡಿ ಅಂದಮೇಲೆ ಪೆಟ್ರೋಲ್ ಹೋಸುಗಳನ್ನೂ ಮರೆಯಬೇಡಿ. ಈಗ ಬಂಕಿನಲ್ಲಿ ಸಿಗುವ, ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಆ ಕಾಲದ ರಬ್ಬರ್ ತಡೆಯುವುದಿಲ್ಲ, ಒಳಗಿನಿಂದ ಉಬ್ಬಿ ಬಿರಿಯುತ್ತದೆ. ಎಥನಾಲ್ ತಡೆಯುವ ಹೋಸ್ ಅಂತಲೇ ಕೇಳಿ ತನ್ನಿ.

ಬ್ರೇಕಿಗೆ ಹಣ ಉಳಿಸಬೇಡಿ. ಫ್ಲೋರ್ ಅಡಿಯಲ್ಲಿ ಹಿಂದಕ್ಕೆ ಹೋಗುವ ಸ್ಟೀಲ್ ಪೈಪ್ ಕರಾವಳಿ ಗಾಡಿಯಲ್ಲಿ ಖಂಡಿತ ತುಕ್ಕು ತಿಂದಿರುತ್ತದೆ, ಟ್ಯಾಂಕ್ ಇಳಿಸಿದಾಗಲೇ ಬದಲಾಯಿಸಿಬಿಡಿ.

ಅಲಾಯ್ ಆಸೆಗೆ ನಾನು ಅಡ್ಡ ಬರುವುದಿಲ್ಲ, ಲೆಕ್ಕ ಮಾತ್ರ ನೋಡಿಕೊಳ್ಳಿ. 800ರ 145/70 ಆರ್12 ಟೈರಿನ ಒಟ್ಟು ಎತ್ತರ 508 ಮಿಮೀ. 155/65 ಆರ್13 ಹಾಕಿದರೆ 532. ಸುಮಾರು ಶೇ 4.7 ಹೆಚ್ಚು. ಮೀಟರ್ 60 ತೋರಿಸುವಾಗ ಗಾಡಿ 63ರ ಹತ್ತಿರ ಓಡುತ್ತಿರುತ್ತದೆ, ಪಿಕಪ್ ಮಂಕಾಗುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಲೈನರಿಗೆ ತಾಗಬಹುದು. ಸ್ಪ್ರಿಂಗ್ ಕತ್ತರಿಸಿ ಗಾಡಿ ಇಳಿಸುವ ಐಡಿಯಾ ಇದ್ದರೆ ಇಲ್ಲೇ ಬಿಡಿ. ಗುಂಡಿಯಲ್ಲಿ ಚಕ್ರ ಜೋತಾಗ ಕತ್ತರಿಸಿದ ಸ್ಪ್ರಿಂಗ್ ಕೂರುವ ಜಾಗದಿಂದ ಜಾರುತ್ತದೆ.

ಆರ್‌ಸಿ ವಿಷಯ. 1998ರ ಗಾಡಿಯ ಮೊದಲ 15 ವರ್ಷ ಎಂದೋ ಮುಗಿದಿದೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಫಾರಂ 25, ಗಾಡಿ ತೋರಿಸುವುದು, ಹಸಿರು ತೆರಿಗೆ, ತಡವಾಗಿದ್ದರೆ ದಂಡ. 2022ರ ಏಪ್ರಿಲ್‌ನಲ್ಲಿ ಕಾರಿನ ಶುಲ್ಕ 600ರಿಂದ 5000ಕ್ಕೆ ಏರಿತು, 20 ವರ್ಷ ದಾಟಿದ ಗಾಡಿಗೆ ಈಗ ಅದಕ್ಕಿಂತ ಹೆಚ್ಚು. ಮಾಲೀಕರು ತೀರಿಕೊಂಡಿದ್ದು ಆರ್‌ಸಿ ಇನ್ನೂ ಅವರ ಹೆಸರಲ್ಲೇ ಇದ್ದರೆ, ಅಥವಾ ಹಳೇ ಬ್ಯಾಂಕ್ ಸಾಲದ ನಮೂದು ಅಳಿಸದಿದ್ದರೆ, ಅದು ಬಗೆಹರಿಯುವ ತನಕ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಚಾಸಿ ನಂಬರ್ ಇರುವ ತಗಡು ತುಕ್ಕು ಹಿಡಿದಿದ್ದರೆ ಗ್ರೈಂಡರ್ ತಾಗಿಸಬೇಡಿ, ಮೊದಲು ಆರ್‌ಟಿಓದಲ್ಲಿ ಕೇಳಿ.

ಗೆಳೆಯರ ಬಗ್ಗೆ ಎರಡು ಮಾತು. ಗಾಡಿ ಒಬ್ಬನ ಹೆಸರಲ್ಲಿರಲಿ, ಕೊನೆಯ ಮಾತೂ ಅವನದೇ ಇರಲಿ. ನಾಲ್ವರ ಸಮಪಾಲು ಅಂದರೆ ಬಣ್ಣ ಆರಿಸುವಾಗಲೇ ಜಗಳ. ಖರ್ಚನ್ನು ಅಂದಂದೇ ಬರೆಯಿರಿ. ಬಿಚ್ಚುವವನು ಯಾರೋ ಅವನೇ ಜೋಡಿಸಬೇಕು, ಪ್ರತಿ ಭಾಗದ ನಟ್ಟು ಬೋಲ್ಟಿಗೆ ಬೇರೆ ಕವರ್, ಮೇಲೆ ಮಾರ್ಕರಿನಲ್ಲಿ ಹೆಸರು. ವೆಲ್ಡಿಂಗ್ ಮಾಡುವಾಗ ಇನ್ನೊಬ್ಬ ನೀರಿನ ಬಕೆಟ್ ಇಟ್ಟುಕೊಂಡು ಒಳಗೆ ನೋಡುತ್ತಿರಬೇಕು, ಫೆಲ್ಟಿಗೆ ಹತ್ತಿದ ಕಿಡಿ ಹೊರಗಿರುವವನಿಗೆ ಕಾಣುವುದಿಲ್ಲ. ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೇ ಪಾರ್ಟ್ ಕೈಯಲ್ಲಿ ಹಿಡಿದು ಹೋಗಿ. 800ರಲ್ಲಿ ವರ್ಷದಿಂದ ವರ್ಷಕ್ಕೆ ಸಣ್ಣಪುಟ್ಟ ಬದಲಾವಣೆ ಇದೆ, ಬಾಯಿಮಾತಿನಲ್ಲಿ ಹೇಳಿ ತಂದದ್ದು ಹೊಂದುವುದಿಲ್ಲ.

ಪೇಂಟ್ ಕೊನೆಗೆ, ಅದೂ ಮಳೆಗಾಲ ಬಿಟ್ಟು. ಬರಿಯ ತಗಡಿನ ಮೇಲೆ ಅವತ್ತೇ ಎಪಾಕ್ಸಿ ಪ್ರೈಮರ್, ಪುಟ್ಟಿ 2 ಮಿಮೀ ಮೀರಬಾರದು, ಪೇಂಟ್ ಆದ ಮೇಲೆ ರನ್ನಿಂಗ್ ಬೋರ್ಡ್ ಒಳಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್. ನೀರಿನ ತೂತುಗಳಿಗೆ ಕಡ್ಡಿ ತೂರಿಸಿ ತೆರೆದಿವೆಯಾ ನೋಡಿ.

ಅಡ್ವಾನ್ಸ್ ಮಾತ್ರ ಕೊಟ್ಟಿದ್ದೀರಲ್ಲ, ಪೂರ್ತಿ ಹಣ ಕೊಡುವ ಮುಂಚೆ ಒಂದು ಸ್ಕ್ರೂಡ್ರೈವರ್ ಹಿಡಿದು ಹೋಗಿ. ಬ್ಯಾಟರಿ ಟ್ರೇ ಕೆಳಗೆ, ಹಿಂದಿನ ಚಕ್ರದ ಕಮಾನು, ಡಿಕ್ಕಿ ಬಾಗಿಲ ಕೆಳಅಂಚು, ಸ್ಟೆಪ್ನಿ ಜಾಗ, ಎಲ್ಲ ಕಡೆ ಚುಚ್ಚಿ ನೋಡಿ. ಇಲ್ಲೆಲ್ಲ ತೂತು ಬಿದ್ದರೂ ಚೌಕಾಸಿ ಮಾಡಿ ಕೊಳ್ಳಬಹುದು. ಬಾನೆಟ್ ಎತ್ತಿ, ಮುಂದಿನ ಸ್ಟ್ರಟ್ಟಿನ (ಶಾಕ್ ಅಬ್ಸಾರ್ಬರ್) ತಲೆ ಕೂರುವ ಜಾಗಕ್ಕೆ ಚುಚ್ಚಿದಾಗ ಸ್ಕ್ರೂಡ್ರೈವರ್ ಒಳಗೆ ಹೋದರೆ ಅಡ್ವಾನ್ಸ್ ಹೋದರೂ ಹೋಗಲಿ, ಆ ಗಾಡಿ ಬಿಟ್ಟು ಒಣ ಹವೆಯ ಊರಿನದೊಂದು ಹುಡುಕಿ. ಚಿತ್ರದುರ್ಗ, ಬಳ್ಳಾರಿ ಕಡೆಯ 800ಕ್ಕೆ ಹತ್ತು ಸಾವಿರ ಹೆಚ್ಚು ಕೊಟ್ಟರೂ ಲಾಭವೇ.